ಒತ್ತು ಅಲ್ಲ, ತಟ್ಟು

ಬೈರಾಪಟ್ಟಣ
9 ನವೆಂಬರ್ 2025, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಣಂತಿಗೂ ಪಾಪುಗೂ ಹಚ್ಚಿ ಮುಗಿಸುವಷ್ಟರಲ್ಲಿ ಎಣ್ಣೆಯೇ ಮುಗಿದುಹೋಗುತ್ತಿದೆಯೋ? ನಯನಕ್ಕ ಈಗ ಸರಿಯಾಗಿ ಊಟ ಮಾಡುತ್ತಿದ್ದಾರಾ? ಪಾಪು ನಕ್ಕಿತು ಅಂತ ಫೋಟೋ ಕಳಿಸಿದ್ದರು. ನನಗಂತೂ ಅದು ನಿಮ್ಮದೇ ಮೂಗು ಅನಿಸಿತು. ನಿಮ್ಮ ಮಗ ನೋಡಿ, ಇನ್ನೂ ಮೂಗೇ ಬಂದಿಲ್ಲ, ಆಗಲೇ ಯಾರದ್ದು ಅಂತ ಹೇಳ್ತೀಯಲ್ಲ ಅಂದರು. ನಮ್ಮಿಬ್ಬರಲ್ಲಿ ಯಾರು ಸರಿ ಅಂತ ನೀವೇ ಹತ್ತಿರದಿಂದ ನೋಡಿ ಹೇಳಿ.

ಇಲ್ಲಿ ಎಲ್ಲರೂ ಆರಾಮ. ಮಾವ ನನ್ನ ಸಾರು ತಿಂದು ‘ಪರವಾಗಿಲ್ಲ ಕಣವ್ವ’ ಅನ್ನುವ ಮಟ್ಟಕ್ಕೆ ಬಂದಿದ್ದಾರೆ. ಹಸು ಮಾತ್ರ ಇನ್ನೂ ನನ್ನನ್ನು ಸೊಸೆ ಅಂತ ಒಪ್ಪಿಲ್ಲ. ನಿಮ್ಮ ಹಳೇ ಸೀರೆ ಉಟ್ಟುಕೊಂಡು ಹೋದರೆ ಹಾಲು ಕೊಡುತ್ತೆ, ನನ್ನ ಚೂಡಿದಾರ್ ಕಂಡರೆ ಕಾಲು ಝಾಡಿಸುತ್ತೆ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಗಳಿಗೆ ನಾನೇ ಸರಸಮ್ಮ. ನೋಡಿ ನಗುವುದಕ್ಕೆ ನಿಮ್ಮ ಮಗನಿಗೆ ಇಷ್ಟು ಸಾಕು, ಮದುವೆಯಾಗಿ ಆರು ತಿಂಗಳಾದರೂ ಅವರಿಗೆ ಎಲ್ಲದಕ್ಕೂ ನಗು. ನನಗೂ ಹಾಗೇ. ಅದಿರಲಿ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀರಿ. ಅತ್ತೆಮ್ಮಾ, ಫೋನಿನಲ್ಲಿ ನಾನು ‘ಸ್ಕೂಲು’ ಅಂದ ಕೂಡಲೇ ನೀವು ‘ಮಗು ಅಳ್ತೈತೆ, ಮಡಗ್ತೀನಿ’ ಅಂತೀರಿ. ಮೊನ್ನೆ ಹಾಗೆ ಹೇಳಿ ಇಟ್ಟಾಗ ಹಿಂದೆ ಪಾಪುವಿನ ಗೊರಕೆ ಕೇಳಿಸುತ್ತಿತ್ತು! ಕಾಗದವನ್ನು ನೀವು ಅರ್ಧದಲ್ಲಿ ಮಡಗುವುದಿಲ್ಲ, ನನಗೆ ಗೊತ್ತು. ಕಡೇಪಕ್ಷ ನನ್ನ ತಪ್ಪು ಹುಡುಕುವುದಕ್ಕಾದರೂ ಪೂರ್ತಿ ಓದುತ್ತೀರಿ. ಕನಕಪುರದ ಕಾನ್ವೆಂಟಿನಲ್ಲಿ ಕಲಿತ ಕನ್ನಡ ಇದು. ಶ, ಷ ಎರಡೂ ನನಗೆ ಅವಳಿ ಜವಳಿ. ಕೆಂಪು ಇಂಕಿನಲ್ಲಿ ತಿದ್ದಿ ಕಳಿಸಿ, ಬೇಜಾರಿಲ್ಲ.

ನೀವು ಹೊರಟ ದಿನ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಹಾಗೇ ನೆನಪಿದೆ: ‘ಆ ಸ್ಕೂಲು ಸಾಕು. ರಜ ಮುಗೀತಿದ್ದಂಗೆ ವಾಲಂಟರಿ ರಿಟೈರ್‌ಮೆಂಟ್ ತಗೊಂಬುಡ್ತೀನಿ.’ ಆಮೇಲೆ ಕಂಪ್ಯೂಟರ್ ರೂಮಿನ ಬೀಗದ ಕೈಯನ್ನು ನನ್ನ ಕೈಗಿಟ್ಟು, ಹೆಡ್‌ಮಾಸ್ಟರಿಗೆ ಕೊಟ್ಟು ಬಾ ಅಂದಿರಿ. ಬಾಣಂತನಕ್ಕೆ ಮಗಳು ತವರಿಗೆ ಬರುವುದು ಬಿಟ್ಟು ಅಮ್ಮ ಮಗಳ ಮನೆಗೆ ಹೋಗುವುದೇನು ಅಂತ ಬೀದಿಯವರು ಕೇಳಿದರು. ನಯನಕ್ಕನ ಅತ್ತೆಗೆ ಹುಷಾರಿಲ್ಲ, ಅದಕ್ಕೆ, ಅಂತ ನಾನು ಹೇಳಿದೆ. ಅದು ನಿಜವೇ. ಆದರೆ ಪೂರ್ತಿ ನಿಜ ಅಲ್ಲ ಅಂತ ನನಗೆ ಆಮೇಲೆ ತಿಳಿಯಿತು. ನಾನು ಇಲ್ಲಿ ಯಾರ ಪರವಾಗಿಯೂ ವಾದ ಮಾಡುತ್ತಿಲ್ಲ. ನೋಡಿದ್ದು, ಕೇಳಿದ್ದು, ಅಷ್ಟೇ ಬರೆಯುತ್ತಿದ್ದೇನೆ.

ಬೀಗದ ಕೈ ಕೊಡಲು ಹೋದೆ. ಬಸವಯ್ಯ ಸರ್ ಅದನ್ನು ತೆಗೆದುಕೊಳ್ಳಲೇ ಇಲ್ಲ. ‘ನಿಂಗೆ ಕಂಪ್ಯೂಟ್ರು ಬತ್ತದೇನವ್ವ?’ ಅಂದರು. ಬಿಸಿಎ ಸರ್, ಅಂದೆ. ‘ಅದೇನೋ ನಂಗೆ ಗೊತ್ತಿಲ್ಲ, ಬತ್ತದೋ ಇಲ್ವೋ ಅದು ಹೇಳು’ ಅಂದರು. ಬರುತ್ತೆ ಅಂದೆ. ಅವತ್ತಿನಿಂದ ಮಧ್ಯಾಹ್ನದ ಬಿಸಿಯೂಟ ಆದಮೇಲೆ ಒಂದು ಪೀರಿಯಡ್ ನಾನು ಮಿಸ್! ಎಷ್ಟು ಖುಷಿ ಅಂದರೆ, ಮೊದಲನೇ ದಿನ ಮನೆಯಲ್ಲೇ ಮೂರು ಸೀರೆ ಉಟ್ಟು ಬಿಚ್ಚಿದೆ. ಬಾಗಿಲು ತೆಗೆದು ನೋಡಿದರೆ ಸಾಲಾಗಿ ಆರು ಕಂಪ್ಯೂಟರ್, ಆರಕ್ಕೂ ನಿಮ್ಮ ನೀಲಿ ಸೀರೆಯಿಂದ ಹೊಲಿದ ಮುಸುಕು, ಅಂಚಿನಲ್ಲಿ ಜರಿ. ಮದುವಣಗಿತ್ತಿಯರನ್ನು ಕೂರಿಸಿದ ಹಾಗಿತ್ತು. ಯಾರೋ ಪುಣ್ಯಾತ್ಮರು ಜೂನಿನಲ್ಲಿ ಕೊಟ್ಟಿದ್ದು, ಒಂದರ ಮೇಲೂ ಧೂಳಿಲ್ಲ, ಒಂದರ ಮೇಲೂ ಬೆರಳಿನ ಗುರುತೂ ಇಲ್ಲ.

ಈಗ ಮುಖ್ಯ ವಿಷಯ. ಮೊದಲನೇ ಪಾಠ ‘ಅಮ್ಮ’ ಅಂತ ಇಟ್ಟುಕೊಂಡೆ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಪರದೆಯ ಮೇಲೆ ಕನ್ನಡ ಮೂಡುತ್ತೆ, ಮಧ್ಯೆ ಎಫ್ ಒತ್ತಿದರೆ ಮುಂದಿನ ಅಕ್ಷರ ಒತ್ತಕ್ಷರವಾಗುತ್ತೆ. ಅಷ್ಟನ್ನೂ ವಿವರಿಸಿ, ಎಲ್ಲರೂ ‘ಅ’ ಒತ್ತಿ, ಆಮೇಲೆ ‘ಮ’ ಒತ್ತಿ ಅಂದೆ. ಅತ್ತೆಮ್ಮಾ, ಆರೂ ಪರದೆಗಳಲ್ಲಿ ಅಅಅಅಅಅ, ಅದರ ಹಿಂದೆಯೇ ಮಮಮಮಮಮಮ! ಪುಟ್ಟಿಯಂತೂ ತುಟಿ ಕಚ್ಚಿಕೊಂಡು, ಹೆಬ್ಬೆರಳಿನಲ್ಲಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಕೂತ ಮುಬಶ್ಶಿರ್ ‘ಮಿಸ್, ನಮ್ ಮೇಕೆ ಬಂದ್ಬುಟ್ಟೈತೆ’ ಅಂದ. ಇಡೀ ರೂಮು ಮೇಕೆಯ ಹಾಗೆ ಕೂಗಿತು. ನಾನೂ ಕೂಗಿದೆ, ಸುಳ್ಳು ಹೇಳುವುದಿಲ್ಲ.

ಮಾರನೇ ದಿನವೂ ಹಾಗೇ ಆಯಿತು. ಕೊನೆಗೆ ಕೇಳಿದೆ, ಮನೆಯಲ್ಲಿ ಫೋನ್ ಆಡಿಸುವಾಗ ಹೀಗೆ ಹಿಡಿದುಕೊಂಡು ಕೂರುತ್ತೀರಾ ಅಂತ. ಪುಟ್ಟಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿ, ‘ಫೋನ್ ಮುಟ್ಟಿದ್ರೆ ಸಾಕು ಮಿಸ್. ಇದನ್ನ ಒತ್ಬೇಕು ಅಂತ ನೀವೇ ತಾನೆ ಹೇಳಿದ್ದು?’ ಅಂದಳು. ಹಾಗಾದರೆ ನಾನು ಹೇಗೆ ಹೇಳಬೇಕಿತ್ತು ಅಂದೆ. ಅವಳು ಗಾಳಿಯಲ್ಲಿ ರೊಟ್ಟಿ ತಟ್ಟಿದ ಹಾಗೆ ಕೈ ಆಡಿಸಿ, ‘ತಟ್ಟು, ತಟ್ಟಿ ಬುಟ್ಬುಡು ಅನ್ಬೇಕಿತ್ತು’ ಅಂದಳು. ಸರಿ, ಹಾಗೇ ಅಂದೆ. ಅ ತಟ್ಟು, ಮ ತಟ್ಟು, ಎಫ್ ತಟ್ಟು, ಮ ತಟ್ಟು. ಆರು ಪರದೆ, ಆರು ಅಮ್ಮ. ಎಷ್ಟು ಚೆನ್ನಾಗಿತ್ತು ಗೊತ್ತಾ!

ಆಗ ನನಗೆ ಥಟ್ಟನೆ ನೆನಪಾಗಿದ್ದು ನಮ್ಮ ಅಡುಗೆಮನೆ. ನಾನು ಬಂದ ಹೊಸದರಲ್ಲಿ ಶಾವಿಗೆ ಮಾಡಿದಿರಲ್ಲ, ಒರಳಿನ ಹಿಡಿ ನನ್ನ ಕೈಗೆ ಕೊಟ್ಟು ಏನಂದಿರಿ? ‘ಒತ್ತಿ ಹಿಡ್ಕೊ ಕಣವ್ವ, ಕೈ ಬುಟ್ರೆ ಎಳೆ ತುಂಡಾಯ್ತದೆ.’ ನಾನು ಬಿಟ್ಟೆ, ತುಂಡಾಯಿತು, ನೀವು ಆ ತುಂಡುಗಳನ್ನೇ ನನ್ನ ತಟ್ಟೆಗೆ ಬಡಿಸಿದಿರಿ. ಈ ಮನೆಯಲ್ಲಿ, ಈ ಊರಲ್ಲಿ, ಶಾವಿಗೆಯಾಗಲಿ ಕಾಲಾಗಲಿ, ಒತ್ತು ಅಂದರೆ ಒತ್ತಿ ಹಿಡಿಯುವುದೇ. ಕೀಬೋರ್ಡಿಗೆ ‘ಒತ್ತು’ ಅಂತ ಮೊದಲು ಹೇಳಿದವರು ಯಾರೋ, ಅವರು ಖಂಡಿತ ಶಾವಿಗೆ ಮಾಡಿದವರಲ್ಲ.

ಈ ಮೇಕೆ ಕಥೆಯನ್ನು ನಗುತ್ತಾ ಬಸವಯ್ಯ ಸರ್‌ಗೆ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು. ಆಮೇಲೆ ಆಗಸ್ಟಿನ ಕಂಪ್ಯೂಟರ್ ಟ್ರೈನಿಂಗಿನ ವಿಷಯ ಹೇಳಿದರು. ನೀವು ನಮಗೆ ಯಾರಿಗೂ ಹೇಳದ ವಿಷಯ. ಆ ಚಿಕ್ಕ ಹುಡುಗ ಟ್ರೈನರ್ ‘ಮ ಒತ್ತಿ ಮೇಡಂ’ ಅಂದಿದ್ದು, ನೀವು ಒತ್ತಿದ್ದು, ಗೋಡೆಯ ದೊಡ್ಡ ಪರದೆಯ ಮೇಲೆ ಸಾಲುಗಟ್ಟಲೆ ಮ ಬಂದಿದ್ದು. ಅವನು ‘ಮೇಡಂ ಸ್ಕೂಲಲ್ಲಿ ಪಾಠ ಮಾಡ್ತಾರೋ, ಕರು ಸಾಕ್ತಾರೋ?’ ಅಂದಿದ್ದು, ತಾಲ್ಲೂಕಿನ ಮೇಷ್ಟ್ರುಗಳೆಲ್ಲ ನಕ್ಕಿದ್ದು, ನೀವು ಎದ್ದು ಹಿಂದಿನ ಬೆಂಚಿಗೆ ಹೋಗಿ ಕೂತಿದ್ದು. ಸರ್ ಇನ್ನೊಂದು ಮಾತು ಹೇಳಿದರು. ಅವರ ಪರದೆಯಲ್ಲೂ ಹಾಗೇ ಮಮಮ ಅಂತ ಬಂದಿತ್ತಂತೆ. ಯಾರೂ ನೋಡುವುದಕ್ಕೆ ಮುಂಚೆ ಅಳಿಸಿ, ಎಲ್ಲರ ಜೊತೆ ಅವರೂ ನಕ್ಕರಂತೆ. ‘ಸರಸಮ್ಮ ಮೇಡಂ ಮುಖ ನೋಡಕ್ಕೆ ನಂಗೆ ಒಸಿ ಸಂಕೋಚ ಕಣವ್ವ’ ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಆ ಟ್ರೈನರ್ ಹುಡುಗನಿಗೆ ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಚೆನ್ನಾಗಿ ಬೈದೆ. ಕನ್ನಡದಲ್ಲಿ ಬೈಯುವಷ್ಟು ಇನ್ನೂ ಕಲಿತಿಲ್ಲ.

ನಿಮ್ಮ ಕೈ ತಪ್ಪು ಮಾಡಲಿಲ್ಲ ಅತ್ತೆಮ್ಮಾ. ಏನು ಹೇಳಿದರೋ ಅದನ್ನೇ ಮಾಡಿತು. ನಿಮ್ಮ ಮಕ್ಕಳ ಕೈಯೂ ಅದನ್ನೇ ಮಾಡಿತು. ದಿನಾ ಬೆಳಿಗ್ಗೆ ನಯನಕ್ಕನ ಫೋನಿನಿಂದ ನಮಗೆ ಗುಲಾಬಿ ಹೂವಿನ ಶುಭೋದಯ ಕಳಿಸುತ್ತೀರಲ್ಲ, ಅದನ್ನು ಕಳಿಸುವ ಬೆರಳಿಗೆ ಇದು ಯಾವ ಲೆಕ್ಕ? ನಾನು ಇಷ್ಟು ಹೇಳಿದೆ ಅಂತ ನಿಮ್ಮ ಮಗನಿಗೆ ತಿಳಿದರೆ ಬೈತಾರೆ. ‘ಅಮ್ಮನ್ನ ಅವರ ಪಾಡಿಗೆ ಬಿಡು’ ಅಂತ ಎರಡು ಸಲ ಹೇಳಿದ್ದಾರೆ. ಬಿಟ್ಟಿದ್ದೇನೆ. ಬರೀ ಕಾಗದ ಬರೆಯುತ್ತಿದ್ದೇನೆ.

ಅಮ್ಮ ಆದಮೇಲೆ ಮಕ್ಕಳು ತಾವೇ ಮುಂದಿನ ಪದಕ್ಕೆ ಹೋದರು. ಯಾವುದು ಹೇಳಿ? ಸರಸಮ್ಮ. ಅದರ ಕೊನೆಯಲ್ಲೂ ಅದೇ ಮ್ಮ ಇದೆಯಲ್ಲ, ಕಷ್ಟವಾಗಲಿಲ್ಲ. ಮುಬಶ್ಶಿರ್ ಅದರ ಮುಂದೆ ‘ಮಿಸ್ ಯಾವಾಗ ಬತ್ತೀರ’ ಅಂತ ಸೇರಿಸಿದ. ‘ಬರುತ್ತೀರಿ’ ಅಂತ ಬರೆಯಬೇಕು ಕಣೋ ಅಂದೆ. ‘ಅವ್ರಿಗೆ ಬತ್ತೀರ ಅಂದ್ರೇ ಗೊತ್ತಾಗೋದು’ ಅಂದ. ತಿದ್ದಲಿಲ್ಲ, ಅದು ನಿಮ್ಮ ಕೆಲಸ.

ಮಾವ ಚೀಲದಲ್ಲಿ ರಾಗಿ ಹಿಟ್ಟು, ಬಾಣಂತಿ ಖಾರ, ನಿಮ್ಮ ಎಣ್ಣೆ ಸೀಸೆ ಎಲ್ಲ ತುಂಬಿಕೊಂಡು ಚಪ್ಪಲಿ ಮೆಟ್ಟಿ, ಈ ಕಾಗದಕ್ಕೆ ಕಾದು ನಿಂತಿದ್ದಾರೆ. ‘ಏನವ್ವ, ಪುರಾಣ ಬರೀತಿದ್ದೀಯಾ? ಬಸ್ಸು ನಿಂಗೆ ಕಾಯ್ತದಾ?’ ಅಂತ ಕೇಳುತ್ತಿದ್ದಾರೆ. ನಯನಕ್ಕನಿಗೆ ನನ್ನ ಅಪ್ಪುಗೆ, ಪಾಪುವಿನ ಆ ಮೂಗಿಗೆ ಒಂದು ಮುತ್ತು, ನಿಮ್ಮ ಕಾಲಿಗೆ ಇಲ್ಲಿಂದಲೇ ಬಗ್ಗಿದ್ದೇನೆ, ತಲೆ ಮೇಲೆ ಕೈ ಇಡಿ.

ನಿಮ್ಮ ಸೊಸೆ (ಹಸುವಿನ ಲೆಕ್ಕದಲ್ಲಿ ನೀವೇ),
ಭಾನುಪ್ರಿಯ

ಮರೆತೆ: ಮಾವ ಗೇಟು ದಾಟಿದ್ದಾರೆ, ಓಡುತ್ತಾ ಬರೆಯುತ್ತಿದ್ದೇನೆ. ಕಂಪ್ಯೂಟರ್ ಕೊಟ್ಟವರಿಂದ ಬಸವಯ್ಯ ಸರ್‌ಗೆ ಫೋನ್ ಬಂದಿದೆ. ಅವನ್ನು ನೋಡಿಕೊಳ್ಳುವ ಒಬ್ಬ ಟೀಚರ್ ಹೆಸರನ್ನು ಬರುವ ಶನಿವಾರದೊಳಗೆ ಹೇಳದಿದ್ದರೆ, ಆರನ್ನೂ ಚನ್ನಪಟ್ಟಣದ ದೊಡ್ಡ ಶಾಲೆಯೊಂದಕ್ಕೆ ಒಯ್ಯುತ್ತಾರಂತೆ. ನಾನು ಟೀಚರ್ ಅಲ್ಲ, ನನ್ನ ಹೆಸರು ನಡೆಯುವುದಿಲ್ಲ. ಸರ್ ಮಾರ್ಚಿಗೆ ನಿವೃತ್ತಿ. ಆ ಶಾಲೆಯಲ್ಲಿ ಇನ್ನುಳಿದವರು ನೀವೊಬ್ಬರೇ. ಮಕ್ಕಳಿಗೆ ಇದನ್ನು ಹೇಳಿಲ್ಲ. ಮುಸುಕುಗಳನ್ನು ಒಗೆದು ಒಣಗಿಸಿ ಮಡಿಸಿಟ್ಟಿದ್ದೇನೆ, ಮತ್ತೆ ಹೊದಿಸಿಲ್ಲ. ಅತ್ತೆಮ್ಮಾ, ಇದು ಒತ್ತಾಯ ಅಂದುಕೊಳ್ಳಬೇಡಿ. ನಾನು ಒತ್ತಿ ಹಿಡಿದಿಲ್ಲ. ಒಂದೇ ಸಲ ತಟ್ಟಿ, ಕೈ ತೆಗೆದಿದ್ದೇನೆ.