ಕಾವಲಿಯ ಮೇಲೊಂದು ಸುತ್ತು

ಜನವರಿ 8, ಬುಧವಾರ
ಮತ್ತೆ ಸೌಟು ಕೈಯಿಂದ ಜಾರಿತು. ಹೊಯ್ದದ್ದು ದೋಸೆ ಅಲ್ಲ, ಯಾವುದೋ ದೇಶದ ನಕಾಶೆ. ಮುಂಬೈ ವಿಲೆ ಪಾರ್ಲೆಯ ಈ ಹೋಟೆಲಿನ ಕಾವಲಿ ಮುಂದೆ ಮೊದಲ ಸಲ ನಿಂತಾಗ ಮೀಸೆ ಮೂಡಿರಲಿಲ್ಲ. ಈಗ ಬಲಗೈ ಮಣಿಕಟ್ಟು ಬೆಂಕಿ.

ಜನವರಿ 11
ಡಾಕ್ಟರು ಎಕ್ಸ್‌ರೇ ತೋರಿಸಿದರು. ಮಣಿಕಟ್ಟಿನ ನಡುವಿನ ಮೂಳೆ ಕುಸಿದಿದೆಯಂತೆ. ಸುತ್ತಲೂ ಆರ್ಥ್ರೈಟಿಸ್. ಪ್ಲೇಟು ಹಾಕಿ ಬೆಸೆದರೆ ನೋವಿಲ್ಲ, ಭಾರ ಎತ್ತಬಹುದು — ಆದರೆ ಬಗ್ಗದು, ದೋಸೆ ಸುತ್ತಲಾಗದು. ಇಂಪ್ಲಾಂಟ್, ಅಂದರೆ ಕೃತಕ ಕೀಲು, ಕೂರಿಸಿದರೆ ಬಗ್ಗುತ್ತದೆ — ಭಾರ ಮಾತ್ರ ಜನ್ಮದಲ್ಲಿ ಎತ್ತಬಾರದು. ಅಂದರೆ ಹೋಟೆಲ್ ಕೆಲಸ ಬಿಡಬೇಕು.

ಧಣಿ ಸದಾನಂದಣ್ಣ ಹೇಳಿದರು, "ಬೆಸೆಸಿಕೊಳ್ಳಿ ಚೆನ್ನಯಣ್ಣ. ಸ್ಟೋರ್ ನೋಡಿಕೊಳ್ಳಿ. ನಿಮ್ಮನ್ನು ಬಿಡುದುಂಟಾ?"

ಒಳ್ಳೆಯ ಮಾತೇ. ಆದರೂ ಸ್ಟೋರಿನಲ್ಲಿ ಕೂತು ಇನ್ನೊಬ್ಬನ ಕಾವಲಿ ಚುಂಯ್ ಅನ್ನುವುದನ್ನು ಕೇಳಬೇಕೇ?

ಜನವರಿ 13, ಸೋಮವಾರ
ರಜೆ. ಮದುವೆಯಾಗಿ ಆಂಟಾಪ್ ಹಿಲ್‌ನ ಈ ಒಂದೇ ಕೋಣೆಗೆ ಬಂದ ಹೊಸತರಲ್ಲೇ ವಿನೋದಿನಿ ಜಗಳ ತೆಗೆದಿದ್ದಳು — "ಊರಿಗೆಲ್ಲ ದೋಸೆ ಹೊಯ್ತೀರಿ, ನಂಗೆ ಯಾವಾಗ ಮಾರಾಯ್ರೆ?" ಅಂದಿನಿಂದ ಸೋಮವಾರ ಒಲೆ ನನ್ನದು. ಸ್ಟವ್ ಪಂಪ್ ಮಾಡುವುದು ಅವಳು, ಮೊದಲ ದೋಸೆ ಅವಳಿಗೆ. ಆ ಸೀಮೆಎಣ್ಣೆ ವಾಸನೆ, ಅವಳ ಮುಡಿಯ ಅಬ್ಬಲಿಗೆ... ಎಷ್ಟು ಸುಖವಾಗಿದ್ದೆವು!

ಇಂದು ಅವಳೇ ಹೊಯ್ದಳು. ತಿನ್ನುವಾಗ ಅಳು ಬಂತು.

"ಉಪ್ಪು ಕಮ್ಮಿಯಾ?"

"ಇಂಪ್ಲಾಂಟೇ ಹಾಕಿಸ್ತೇನೆ."

"ಕೆಲಸ?" ನನ್ನ ತಟ್ಟೆಗೆ ಇನ್ನೊಂದು ಹಾಕಿದಳು. "ಹೋಗ್ಲಿ. ಊರಿಗೆ ಹೊಯ್ದದ್ದು ಸಾಕು."

ಫೆಬ್ರವರಿ 20
ಆಪರೇಶನ್ ಆಯಿತು. ಎಡಗೈ ಬರಹ. ಕಾಗೆ ಕಾಲು ಗುಬ್ಬಿ ಕಾಲು.

ಏಪ್ರಿಲ್ 9
ಫಿಸಿಯೋ ಹುಡುಗಿ ನಮಿತಾ ಮೇಜಿನ ಮೇಲೆ ಕೈಯಾಡಿಸಿ ಸರ್ಕಲ್ ಮಾಡಿ ಎಂದಳು. ನಡುವಿನಿಂದ ಹೊರಕ್ಕೆ ಸುತ್ತಿದೆ. ಸುತ್ತಿ, ಅಂಚಿಗೆ ಇಲ್ಲದ ಎಣ್ಣೆಯನ್ನೂ ಬಿಟ್ಟೆ!

"ಅಂಕಲ್, ಯೇ ಕ್ಯಾ?"

ಇಬ್ಬರಿಗೂ ನಕ್ಕು ನಕ್ಕು ಸಾಕಾಯಿತು.

ಜೂನ್ 9, ಸೋಮವಾರ
ಸೌಟು ಹಿಡಿಯಲು ಡಾಕ್ಟರು ಒಪ್ಪಿದ್ದಾರೆ. ಅಭ್ಯಾಸಬಲ — ನೇರ ಭಾರದ ಬೀಡುಕಬ್ಬಿಣದ ಕಾವಲಿಗೇ ಬಲಗೈ ಹಾಕಿದೆ.

"ಮುಟ್ಬೇಡಿ!" ವಿನೋದಿನಿ ಕಿರುಚಿದಳು. ತಾನೇ ಎತ್ತಿ ಒಲೆಗಿಟ್ಟಳು.

ಹಿಟ್ಟು ಹೊಯ್ದು ತಿರುಗಿಸಿದೆ. ನೋವಿಲ್ಲ. ಆದರೆ ಮೊದಲಿನ ಬಳುಕು ಇಲ್ಲ, ಮಣಿಕಟ್ಟು ಅರ್ಧಕ್ಕೇ ನಿಂತಿತು. ಮೊಣಕೈಯಿಂದ ಎಳೆದು ಸುತ್ತು ಮುಗಿಸಿದೆ.

ತಟ್ಟೆ ಹಿಡಿದು ನಿಂತಿದ್ದಳು. "ಇದು ಯಾವ ದೇಶ ಮಾರಾಯ್ರೆ?"

"ಸುಮ್ನೆ ತಿನ್ನು."

ತಿಂದಳು. ಕಣ್ಣು ಒರೆಸಿಕೊಂಡಳು. ತಟ್ಟೆ ಮತ್ತೆ ಚಾಚಿದಳು. ಎರಡನೆಯದು ಸ್ವಲ್ಪ ದುಂಡಗೆ ಬಂತು. ಅದನ್ನು ಬರೆದಿಡೋಣ ಎಂದು ಕೂತರೆ ಒಲೆಯ ಕಡೆಯಿಂದ ಕೂಗು — ಕಾವಲಿ ಕಾದಿದೆಯಂತೆ, ಮೂರನೆಯದು...