ಕರಡಿ ತಿಂದದ್ದನ್ನು ಕಂಡವರು ಯಾರು?

ಭಾಷಾ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುವ ಕಚೇರಿಯ ಮುಖ್ಯಸ್ಥರೇ,

ಎಪ್ಪತ್ತೊಂಬತ್ತು ವರ್ಷದಿಂದ ನಮ್ಮ ಬುಡಕಟ್ಟಿನ ಚೆರೋಕೀ ಭಾಷೆ ಮಾತಾಡುತ್ತಿರುವ ನನ್ನ ದೊಡ್ಡಮ್ಮ ರೋವೀನಾ ಸ್ಕ್ವಿರಲ್ ಅವರನ್ನು ತಾವು ಚೆರೋಕೀ ಮಾತಿನ ಪರೀಕ್ಷೆಯಲ್ಲಿ ಫೇಲು ಮಾಡಿದ್ದೀರಿ. ಅಭಿನಂದನೆಗಳು. ಎಲ್ಲರಿಂದಲೂ ಆಗುವ ಕೆಲಸವಲ್ಲ ಇದು. ನಮ್ಮ ಕಣಿವೆಯ ಆಡುಮಾತನ್ನು ಹುಟ್ಟಿನಿಂದ ಬಲ್ಲವರು ಉಳಿದಿರುವುದೇ ಅವರೊಬ್ಬರು. ಆದರೂ ಪ್ರಮಾಣಪತ್ರವಿಲ್ಲದ ಕಾರಣ, ಬರುವ ಸೋಮವಾರದಿಂದ ಅವರು ಶಿಶುಶಾಲೆಯ ಹನ್ನೊಂದು ಮಕ್ಕಳಿಗೆ ಪಾಠ ಹೇಳುವಂತಿಲ್ಲ. ಅವರ ಜಾಗಕ್ಕೆ ಪರೀಕ್ಷೆ ಪಾಸಾದವರೊಬ್ಬರು ಬರುತ್ತಾರೆ.

ತಮ್ಮ ಪತ್ರ ಎರಡು ತಪ್ಪು ತೋರಿಸಿದೆ. ಒಂದು, ದೊಡ್ಡಮ್ಮ ಕ್ರಿಯಾಪದದ ಕೊನೆಯ ಸ್ವರ ನುಂಗುತ್ತಾರೆ. ನಿಜ, ನುಂಗುತ್ತಾರೆ. ಅವರಮ್ಮನೂ ನುಂಗುತ್ತಿದ್ದರು. ಇಡೀ ಕಣಿವೆ ಹೀಗೆ ನುಂಗಿಕೊಂಡೇ ಮದುವೆ ಮಾಡಿತು, ಜಗಳವಾಡಿತು, ಮಕ್ಕಳನ್ನು ಸಾಕಿತು. ಪುಸ್ತಕದಲ್ಲಿರುವಂತೆ ಪೂರ್ತಿ ಉಚ್ಚರಿಸುವುದು ನಮ್ಮಲ್ಲಿ ಪ್ರಾರ್ಥನೆ ಓದುವಾಗ ಮಾತ್ರ. ಉಪ್ಪು ಕೇಳುವುದಕ್ಕೂ ಪ್ರಾರ್ಥನೆ ಮಾಡಬೇಕೆ?

ಎರಡನೆಯದು ಭೂತಕಾಲ. ಕೊನೆಯ ‘ಇ’ ನುಂಗಿದ ಮೇಲೂ, ಕಣ್ಣಾರೆ ಕಂಡದ್ದಾದರೆ ನಮ್ಮ ಕ್ರಿಯಾಪದ ಮೂಗಿನ ‘ಅಂ’ನಲ್ಲಿ ಮುಗಿಯುತ್ತದೆ, ಬೇರೆಯವರು ಹೇಳಿದ್ದೋ ಊಹಿಸಿದ್ದೋ ಆದರೆ ‘ಏ’ಯಲ್ಲಿ. ತಮ್ಮ ಪರೀಕ್ಷಕ ಚಿತ್ರವೊಂದನ್ನು ತೋರಿಸಿದ. ಕರಡಿ ಕೂತಿದೆ, ಪಕ್ಕದಲ್ಲಿ ಕಾಳಿಲ್ಲದ ಜೋಳದ ತೆನೆ. ಕರಡಿ ಜೋಳ ತಿಂದಿತು ಎನ್ನಬೇಕು. ದೊಡ್ಡಮ್ಮ ‘ಏ’ ಹಚ್ಚಿ ಹೇಳಿದರು. ಕೈಹಿಡಿದು ಕರೆದೊಯ್ದ ನಾನು ಪಕ್ಕದಲ್ಲೇ ಇದ್ದೆ. ಆದ್ದರಿಂದ ಮುಂದಿನ ಮಾತುಗಳನ್ನು ‘ಅಂ’ನಲ್ಲೇ ಓದಿಕೊಳ್ಳಿ.

“ತಪ್ಪಾಯ್ತಲ್ಲ ಅಜ್ಜಿ, ‘ಅಂ’ ಬರ್ಬೇಕು.”

“ಅದು ತಿಂದಿದ್ದು ನೀನು ನೋಡ್ದ್ಯೇನಪ್ಪಾ?”

“ಚಿತ್ರದಲ್ಲೇ ಇದ್ಯಲ್ಲಜ್ಜಿ!”

“ಚಿತ್ರದಲ್ಲಿ ಅದರ ಪಾಡಿಗೆ ಅದು ಕೂತಿದೆ. ಪಾಪ, ನಾನ್ಯಾಕೆ ಅದರ ಮೇಲೆ ಕಳ್ಳತನ ಹೊರಿಸ್ಲಿ?”

ಸೊನ್ನೆ ಬಿತ್ತು.

ಈ ‘ಏ’ಯನ್ನು ನಾನು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ, ದೊಡ್ಡಮ್ಮನ ಅಡುಗೆಮನೆಯಲ್ಲಿ, ಜೋಳದ ಕಡುಬಿಗೆ ಎಲೆ ಸುತ್ತುತ್ತಾ. ಅಮ್ಮ ತೀರಿಕೊಂಡಳು ಎಂಬುದನ್ನು ‘ಅಂ’ ಹಚ್ಚಿ ಹೇಳಿದೆ. ದೊಡ್ಡಮ್ಮನ ಕೈ ನಿಂತಿತು.

“ನೀನಿದ್ದ್ಯಾ ಅಲ್ಲಿ?”

“ಇಲ್ಲ. ಫ್ಯಾಕ್ಟರೀಲಿದ್ದೆ.”

“ನಾನಿದ್ದೆ. ಆ ಮಾತು ನಂದು. ನೀನು ‘ಏ’ ಅನ್ನು, ಮಗಾ.”

ಅಂದೆ. ಅಂದು, ಅತ್ತುಬಿಟ್ಟೆ. ಆಮೇಲೆ ಆ ಸ್ವರ ತಪ್ಪಿದ್ದು ಒಂದೇ ಸಲ, ಅದೂ ಬೇಕೆಂದೇ.

ಮರುಪರಿಶೀಲನೆ ಕೇಳಿದ್ದಕ್ಕೆ “ಪರೀಕ್ಷೆಯ ಧ್ವನಿಮುದ್ರಣವನ್ನು ಕೂಲಂಕಷವಾಗಿ ಆಲಿಸಲಾಯಿತು” ಎಂಬ ಉತ್ತರ ಬಂದಿದೆ, ಇಂಗ್ಲಿಷಿನಲ್ಲಿ. ಆ ಭಾಷೆಯಲ್ಲಿ ಯಾರು ಆಲಿಸಿದರೆಂದು ಹೇಳದೆಯೂ ವಾಕ್ಯ ಮುಗಿಸಬಹುದು, ಬಹಳ ಅನುಕೂಲ. ದೊಡ್ಡಮ್ಮನನ್ನು ಆ ಮಕ್ಕಳ ಜೊತೆ ಇರಲು ಬಿಡಿ. ಆಗದೆಂದರೆ, ಆಲಿಸಲಾಯಿತು ಎಂಬ ಆ ಒಂದು ವಾಕ್ಯವನ್ನು ಚೆರೋಕೀಯಲ್ಲಿ ಬರೆದು, ಸಹಿ ಹಾಕಿ, ಸೋಮವಾರದೊಳಗೆ ಕಳಿಸಿ. ಮಕ್ಕಳ ಮುಂದೆ ಓದುತ್ತೇವೆ. ತಾವು ಆಲಿಸಿದಿರೋ ಇಲ್ಲವೋ ಎಂಬುದನ್ನು ಕ್ರಿಯಾಪದದ ತುದಿ ಕೇಳಿ ಅವರೇ ಹೇಳುತ್ತಾರೆ. ಅಷ್ಟು ಪಾಠ ಆಗಿದೆ.

ಇಂತಿ,
ಹೋದ ವರ್ಷ ಅದೇ ಕರಡಿಯ ಮೇಲೆ ಕಳ್ಳತನ ಹೊರಿಸಿ ಪಾಸಾಗಿ, ಈಗ ದೊಡ್ಡಮ್ಮನ ಜಾಗಕ್ಕೆ ನೇಮಕಗೊಂಡಿರುವ
ಡೆಲಾ ಓಟರ್