ಅರವತ್ತರಲ್ಲಿ ನಿಂತ ಮುಳ್ಳು

ಮಾರ್ಚ್ ೧೨, ಭಾನುವಾರ

ಕಾರಿನ ಮೀಟರಿನ ಮುಳ್ಳು ಸುಳ್ಳು ಹೇಳುತ್ತಿದೆ. ಅದಕ್ಕೆ ಸುಳ್ಳು ಕಲಿಸಿದವರು ಯಾರು ಎಂಬುದೇ ಬೆಳಗಿನಿಂದ ಕೊರೆಯುತ್ತಿದೆ.

ನಮ್ಮ ಯಜಮಾನರ ಹಳೇ ಕಾರಿನ ಚಕ್ರ ತಿರುಗಿಸುವ ಡಿಫರೆನ್ಶಿಯಲ್ ಬಿಚ್ಚಿಸಿ ಮಗ ಅದರೊಳಗಿನ ಹಲ್ಲುಚಕ್ರದ ಜೋಡಿ, ಕ್ರೌನ್-ಪಿನಿಯನ್, ಬೇರೆಯದು ಹಾಕಿಸಿದ್ದಾನೆ. "ಇಂಜಿನ್ ಅಷ್ಟೇ ಸುತ್ತಿದ್ರೂ ಚಕ್ರ ಜಾಸ್ತಿ ಸುತ್ತುತ್ತಮ್ಮ, ಇಂಜಿನ್‌ಗೆ ಆರಾಮ" ಎಂದ. ಹೋದ ವರ್ಷ ಇದೇ ಕಾರನ್ನು ಚರಂಡಿಗೆ ಇಳಿಸಿದ ಮಹಾಶಯ. ಅರವತ್ತು ದಾಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ನಾನು ಕೀಲಿ ಕೊಟ್ಟದ್ದು.

ಇವತ್ತು ಅವನ ಪಕ್ಕದಲ್ಲಿ ಕೂತು ಹೋದೆ. ಮುಳ್ಳು ಅರವತ್ತರಲ್ಲಿ ಅಲ್ಲಾಡದೆ ನಿಂತಿತ್ತು. ಆದರೆ ಕಿಲೋಮೀಟರ್ ಕಲ್ಲುಗಳು ಬೇಗಬೇಗ ಬರುತ್ತಿದ್ದವು. ಕೈಗಡಿಯಾರ ನೋಡಿದೆ. ಕಲ್ಲಿನಿಂದ ಕಲ್ಲಿಗೆ ಅರವತ್ತು ಸೆಕೆಂಡು ಹಿಡಿಯಬೇಕಿತ್ತು, ಹಿಡಿದದ್ದು ನಲವತ್ತೆಂಟು. ಮೂರು ಸಲವೂ ಅಷ್ಟೇ. ಅಂದರೆ ನಿಜವಾದ ವೇಗ ಎಪ್ಪತ್ತೈದು.

"ಮೀಟರ್ ಸರಿಯಾಗಿದೆಯೇನೋ?"

"ನಿನ್ನ ಕಣ್ಣೆದುರಿಗೇ ಇದೆಯಲ್ಲಮ್ಮ, ನೋಡ್ಕೊ!"

ಸರಿಯಾಗಿದೆ ಎಂದು ಮಾತ್ರ ಅವನ ಬಾಯಿಂದ ಬರಲಿಲ್ಲ.

ಮನೆಗೆ ಬಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಮೀಟರ್ ಎಣಿಸೋದು ಗೇರ್‌ಬಾಕ್ಸ್ ಸುತ್ತನ್ನ, ಚಕ್ರದ್ದನ್ನಲ್ಲ. ಅದಕ್ಕೇ ಮೀಟರಿನ ಗೇರೂ ಬದಲಾಯಿಸ್ಬೇಕಿತ್ತಮ್ಮ. ಆಮೇಲೆ ನೋಡೋಣ ಅಂದ್ರು ನಿಮ್ಮ ಮಗ" ಎಂದ. ಆಮೇಲೆ ಎಂದರೆ ಯಾವಾಗ? ನಾನು ಸತ್ತ ಮೇಲೆಯೋ?

ಕೀಲಿ ಈಗ ನನ್ನ ದಿಂಬಿನಡಿ ಇದೆ. ಬೆಳಿಗ್ಗೆ ಕೇಳಲು ಬಂದರೆ ಗಡಿಯಾರ ತೋರಿಸುತ್ತೇನೆ. ಒಂದನ್ನು ಮಾತ್ರ ಅವನಿಗೆ ಹೇಳಲಾರೆ. ಎಪ್ಪತ್ತೈದರಲ್ಲಿ ಕಾರು ಒಂದಿಷ್ಟೂ ನಡುಗದೆ ನುಣ್ಣಗೆ ಓಡುತ್ತಿತ್ತು. ಮೂರನೆಯ ಕಲ್ಲು ದಾಟುವವರೆಗೂ ನಾನು ತುಟಿ ಬಿಚ್ಚದೆ ಕೂತದ್ದು ಲೆಕ್ಕ ಖಾತ್ರಿ ಮಾಡಿಕೊಳ್ಳಲಿಕ್ಕೋ, ಇಲ್ಲವೆ ಆ ಓಟ ನನಗೂ ಹಿಡಿಸಿದ್ದಕ್ಕೋ?